ಕೆರೆ ಏರಿಯ ಶಾಸನ

ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಖಾಲಿಯಿದ್ದದ್ದು ಒಂದೇ ಹುದ್ದೆ. ಅರ್ಹತೆಯಲ್ಲಿ ತಮ್ಮ ಶಿಷ್ಯೆಯನ್ನು ಮೀರಿಸುವವರಿಲ್ಲ ಎಂದು ಪ್ರೊಫೆಸರರು ಆಯ್ಕೆ ಸಮಿತಿಯ ಮುಂದೆ ಎದೆ ತಟ್ಟಿ ಹೇಳಿದ್ದರು. ಅವಳು ಬಂದು ಕೂತಾಗ, ನೀರು ಕುಡಿದಷ್ಟು ಸುಲಭವಾಗಿ ಉತ್ತರಿಸಲಿ ಎಂದೇ ಕೇಳಿದರು:

“ನಾನು ಪತ್ತೆ ಹಚ್ಚಿದ ಕೆರೆ ಏರಿಯ ಶಾಸನ ಯಾರ ಕಾಲದ್ದಮ್ಮಾ?”

ಅವಳು ತಲೆ ತಗ್ಗಿಸಿದಳು. “ಗೊತ್ತಿಲ್ಲ ಸರ್.”

“ಇವರೇನಾ ನಿಮ್ಮ ಶಿಷ್ಯೆ?” ಎಂದು ಕುಲಪತಿಗಳು ಮುಸಿಮುಸಿ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಪ್ರೊಫೆಸರರಿಗೆ. ಹುದ್ದೆ ಬೇರೆಯವರ ಪಾಲಾಯಿತು.

ಸಂಜೆ ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿ ಹರಿಹಾಯ್ದರು.

“ಗಂಗರದ್ದು ಅಂತ ನಾನೇ ಪಾಠ ಮಾಡಿಲ್ವಾ? ಅದನ್ನ ಕಂಡುಹಿಡಿದೇ ಅಲ್ವಾ ನಾನು ಪ್ರೊಫೆಸರ್ ಆದದ್ದು? ಎಲ್ಲರೆದುರು ನನ್ನ ಮಾನ ಕಳೆದುಬಿಟ್ಯಲ್ಲ!”

ಅವಳು ಆಗಲೂ ತಲೆ ಎತ್ತಲಿಲ್ಲ.

“ಕ್ಷಮಿಸಿ ಸರ್. ಹೋದ ತಿಂಗಳು ನಾನೇ ಹೋಗಿ ಆ ಕಲ್ಲು ಓದಿದೆ. ಅದು ಗಂಗರದ್ದಲ್ಲ, ಹೊಯ್ಸಳರದ್ದು. ಇವತ್ತು ಸಮಿತಿಯಲ್ಲಿ ನೀವೂ ಕೂತಿದ್ರಿ. ಅಷ್ಟು ಜನರೆದುರು ಅದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ.”