ಮೂರು ಕೆಂಪು ಚುಕ್ಕೆ

ಅರಗಿನ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದ ತಾತನ ಬಳಿಗೆ, ಸಂಗೀತದ ಟೀಚರ್ ಅಭ್ಯಾಸಕ್ಕೆಂದು ಕೊಟ್ಟಿದ್ದ ಕೀಬೋರ್ಡ್ ಒಯ್ದಿದ್ದೆ. ಒಂದು ಕಾರ್ಡ್, ಅಂದರೆ ಸ್ವರಗಳ ಗೊಂಚಲು, ನುಡಿಸಲು ಮೂರು ಕೀ ಒಟ್ಟಿಗೆ ಒತ್ತಬೇಕು. ಯಾವ ಮೂರೆಂದು ನನಗೆ ನೆನಪೇ ಉಳಿಯುತ್ತಿರಲಿಲ್ಲ. ಬಣ್ಣದ ಗುರುತು ಹಾಕಿಕೊಡು ಎಂದು ಪೀಡಿಸಿದೆ. ತಾತ ನನ್ನ ಪುಸ್ತಕದ ಚಿತ್ರ ನೋಡಿಕೊಂಡು, ಗೊಂಬೆಗೆ ಬಳಿಯುವ ಬಣ್ಣದ ಅರಗಿನ ಕಡ್ಡಿ ಕಾಯಿಸಿ, ಮೊದಲ ಕಾರ್ಡಿನ ಕೀಗಳಿಗೆ ಕೆಂಪು, ಎರಡನೆಯದರ ಕೀಗಳಿಗೆ ಹಳದಿ ಚುಕ್ಕೆ ಇಟ್ಟ. ಒಂದು ಕೀ ಮೇಲೆ ಎರಡೂ ಬಣ್ಣ ಬಿತ್ತು. "ಇವ್ನು ಎರಡು ಮನೆಗೂ ನೆಂಟ ಕಣವ್ವಾ" ಎಂದು ನಕ್ಕ.

ಮರುದಿನ ಟೀಚರ್ ಸಿಡಿದರು. "ಯಾರು ಹಾಳು ಮಾಡಿದ್ದು?"

"ತಾತ. ಬ್ಯಾಡ ಅಂದ್ರೂ ಕೇಳ್ನಿಲ್ಲ" ಎಂದೆ.

ಜೊತೆಗೆ ಬಂದಿದ್ದ ತಾತ ನನ್ನತ್ತ ತಿರುಗಲೇ ಇಲ್ಲ. "ತಪ್ಪಾಯ್ತು ಕಣ್ರವ್ವಾ" ಎಂದು ಅಲ್ಲೇ ಕೂತು, ಉಗುರಿನಿಂದ ಒಂದೊಂದೇ ಚುಕ್ಕೆ ಕೆರೆದ.

ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ಕೇಳಿದ: "ಕೆಂಪು ಮೂರು ಯಾವ್ಯಾವು, ನೆಪ್ಪೈತಾ ಮಗಾ?"