ಬೀಗರಿಗೆ ಹೇಳದ ಮಾತು

ವಕೀಲೆ ಮಹಾನಂದಾ ಅವರ ಟೇಬಲ್ಲಿನ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿದಾಗ ನೀಲಕ್ಕ ಕುರ್ಚಿಯಿಂದ ಅರ್ಧ ಎದ್ದಳು. "ಅವನ ರೀ ವಕೀಲರ, ಅವಂದ ನಂಬರ್." ಫೋನು ಅವಳದೇ. ಆದರೆ ಮೊನ್ನೆಯಿಂದ ಅದನ್ನು ಮುಟ್ಟಬೇಕಾದರೆ ಚೇಳನ್ನು ಮುಟ್ಟುವಷ್ಟು ಅಂಜುತ್ತಿದ್ದಳು. ಬಾಜು ಕುಳಿತಿದ್ದ ಮಗಳು ಅಮೃತಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಮಹಾನಂದಾ ಫೋನನ್ನು ಸ್ಪೀಕರಿಗೆ ಹಾಕಿ, ಮಾತಾಡಿ ಎಂದು ಕಣ್ಸನ್ನೆ ಮಾಡಿದರು.

"ನಮಸ್ಕಾರ ಅಮ್ಮ, ಊಟ ಆಯ್ತಾ?" ಬೆಂಗಳೂರು ಕಡೆಯ ಕನ್ನಡ, ಅಗದಿ ನಯವಾದ ದನಿ. "ಅಮೃತಾ ಮಾತ್ರೆ ಸರಿಯಾಗಿ ತಗೋತಿದಾಳಾ? ಫಿಟ್ಸ್ ವಿಷಯ, ಒಂದು ಹೊತ್ತೂ ತಪ್ಪಿಸಬಾರದು. ಕೇಳಿದಷ್ಟು ದುಡ್ಡು ಕಳಿಸ್ತೀರೋ ಇಲ್ವೋ, ಸಂಜೆ ತನಕ ನೋಡ್ತೀನಿ. ಆಮೇಲೆ ಸಂಶಿಯ ನಿಮ್ಮ ಬೀಗರಿಗೆ ಒಂದು ಫೋನು, ಅಷ್ಟೇ. ಹೇಮಂತನ ನಂಬರು ನನ್ನ ಹತ್ರ ಇದೆ." ನಂಬರನ್ನು ನಿಧಾನವಾಗಿ ಓದಿ ಹೇಳಿ ಇಟ್ಟುಬಿಟ್ಟ. ಅದು ಹೇಮಂತನದೇ ಎಂದು ಅಮೃತಾ ತಲೆಯಾಡಿಸಿದಳು.

"ಹುಡುಗನ ನಂಬರ್ ನೀವ ಕೊಟ್ರೇನು?" ಮಹಾನಂದಾ ಕೇಳಿದರು.

"ಇಲ್ರಿ, ಬಸವಣ್ಣನ ಆಣಿ! ಮೊದಲ್ನೇ ಸಲ ಫೋನ್ ಬಂದಾಗ ಅಂಜಿಬಿಟ್ಟೆ. ಸಂಶಿ ಹೇಮಂತನ ಮನಿಯವ್ರಿಗಿ ಒಂದ್ ಹೇಳಬ್ಯಾಡೋ ಯಪ್ಪಾ, ಮುಂದಿನ ವಾರ ಲಗ್ನ ಐತಿ ಅಂದೆ. ಅಷ್ಟರಿ." ಅಂಜಿದವನ ಮೇಲೆ ಕಪ್ಪೆ ಎಸೆದರು ಅನ್ನುತ್ತಾರೆ. ನೀಲಕ್ಕ ಆ ಕಪ್ಪೆಯನ್ನೂ ತಾನೇ ಹಿಡಿದು ಅವನ ಕೈಗೆ ಕೊಟ್ಟಿದ್ದಳು.

ತಿರ್ಲಾಪುರದ ನೀಲಕ್ಕನ ಮನೆಯಲ್ಲಿ ಮಗಳ ಮೂರ್ಛೆಯ ಸುದ್ದಿ ಎಂದೂ ಹೊಸ್ತಿಲು ದಾಟಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಬಂದದ್ದು, ಮಾತ್ರೆ ಹಿಡಿದ ಮೇಲೆ ಮತ್ತೆ ಬಂದಿಲ್ಲ. ಮಾತ್ರೆಗಳು ಇವತ್ತಿಗೂ ರವೆ ಡಬ್ಬಿಯಲ್ಲೇ ಇರುತ್ತವೆ. ಒಡಹುಟ್ಟಿದ ತಂಗಿಗೂ ಹೇಳದ ಮಾತನ್ನು ನೀಲಕ್ಕ ಹೇಳಿದ್ದು ವಿಮಾ ಕಂಪನಿಯೊಂದಕ್ಕೇ. "ಖರೆ ಬರಸ್ರಿ, ಮುಚ್ಚಿಟ್ರ ಮುಂದ ರೊಕ್ಕ ಬರೂದಿಲ್ಲ" ಎಂದು ಏಜೆಂಟ ಸಂಗನಬಸವ ಪಟ್ಟು ಹಿಡಿದು ಬರೆಸಿದ್ದ. ಪಾಲಿಸಿಗೆಂದು ಊರೂರು ತಿರುಗುವ ಆ ಮನುಷ್ಯ ತನ್ನ ಗಿರಾಕಿಗಳ ಮನೆಗಳಲ್ಲೇ ವರ-ಕನ್ಯೆಯನ್ನೂ ಹೊಂದಿಸುತ್ತಿದ್ದ. ಹೇಮಂತನ ಸಂಬಂಧ ತಂದವನೂ ಅವನೇ. "ತಕ್ಕಡ್ಯಾಗ ಇಟ್ಟು ತೂಗಿದಂಗೈತಿ ನೋಡ್ರಿ ಜೋಡಿ" ಎಂದು ಎರಡು ಸಲ ಚಹಾ ಕುಡಿದು ಹೋಗಿದ್ದ. ಈಗ ಕಂಪನಿಯ ಕಂಪ್ಯೂಟರಿಗೇ ಕನ್ನ ಬಿದ್ದಿತ್ತು. ಕೆಲವು ಮಾಹಿತಿ ಹೊರಗಿನವರ ಕೈಗೆ ಹೋಗಿದೆ, ಆತಂಕ ಬೇಡ ಎಂದು ಕಂಪನಿಯವರು ಗಿರಾಕಿಗಳಿಗೆಲ್ಲ ಒಂದು ಮೆಸೇಜು ಕಳಿಸಿ ಕೈತೊಳೆದುಕೊಂಡಿದ್ದರು.

"ದಾರಿ ಅದಾವು ನೀಲಕ್ಕಾರ," ಮಹಾನಂದಾ ಹೇಳಿದರು. "ಹಿಂಗ ಹೆದರಿಸಿ ರೊಕ್ಕ ಕೇಳೂದು ಗುನ್ಹೆ. ಸೈಬರ್ ಪೊಲೀಸರಿಗೆ ಇವತ್ತ ದೂರು ಕೊಡೂಣು. ಕಂಪನಿಗೆ ನೋಟಿಸ್ ಕಳಸೂಣು. ಗ್ರಾಹಕರ ಆಯೋಗದಾಗ ಪರಿಹಾರ ಕೇಳಬಹುದು. ಮಾಹಿತಿ ರಕ್ಷಣಾ ಮಂಡಳಿ ಅಂತನೂ ಒಂದೈತಿ, ಅದು ಕಂಪನಿಗೆ ದಂಡ ಹಾಕಬಹುದು. ಆದ್ರ ದಂಡ ಸರಕಾರಕ್ಕ ಹೋಗತೈತಿ, ನಿಮಗಲ್ಲ."

"ಅದರಾಗೆಲ್ಲಾ ಇಕಿ ಹೆಸರು ಬರತೈತೇನ್ರಿ?"

"ಬರಬೇಕಲ್ರಿ. ಏನು ಸೋರಿ ಹೋತು ಅಂತನೂ ಬರೀಬೇಕು. ಗುಪ್ತ ಇಡ್ರಿ ಅಂತ ಕೇಳೂಣು. ಇಟ್ಟ ಇಡತಾರ ಅಂತ ಭರವಸಾ ಕೊಡಾಕ ನಾ ಏನು ವಿಮಾ ಕಂಪನಿ ಅಲ್ಲ."

ನೀಲಕ್ಕ ಎದ್ದೇಬಿಟ್ಟಳು. "ಹಂಗಾದ್ರ ಒಬ್ಬ ಕಳ್ಳಗ ಗೊತ್ತಿದ್ದದ್ದು ಕಚೇರಿ ಮಂದಿಗೆಲ್ಲಾ ಗೊತ್ತಾತು! ನಡಿ ಅಮೃತಾ. ಕೊಳ್ಳಾಗಿನ ಸರಾ ಮಾರಿ ಅವನ ಬಾಯಿ ಮುಚ್ಚಸ್ತೇನಿ."

"ಇವತ್ತ ಮುಚ್ಚಸ್ತೀರಿ. ನಾಳೆ ಮತ್ತ ತಗದ್ರ?"

ನೀಲಕ್ಕನ ಕಾಲುಗಳು ಬಾಗಿಲ ಹತ್ತಿರ ನಿಂತುಬಿಟ್ಟವು. ಹಂಚಿದ ಲಗ್ನದ ಕಾರ್ಡುಗಳು ನೆನಪಾದವು. ಊರ ಹೆಂಗಸರು ನೀರು ತರಲು ನಿಂತಲ್ಲಿ ಏನೇನು ಆಡಿಯಾರು? ಇನ್ನು ಯಾರ ಮನೆಯವರು ಬಂದು ಈ ಹುಡುಗಿಯನ್ನು ಕೇಳಿಯಾರು?

ಅಮೃತಾ ಮಾತ್ರ ಕುರ್ಚಿ ಬಿಟ್ಟಿರಲಿಲ್ಲ. "ಸಂಜಿಗೆ ಅವ ಹೇಳೂದನ್ನ ಈಗ ನಾನ ಹೇಳತೇನಿ ಅವ್ವಾ."

"ಬ್ಯಾಡ, ಹುಚ್ಚಿ!" ತಾಯಿ ಹಿಂದಿರುಗಿ ಕೈ ಚಾಚುವಷ್ಟರಲ್ಲಿ ಅವಳು ತನ್ನ ಫೋನಿನಲ್ಲಿ ಹೇಮಂತನ ನಂಬರನ್ನು ಒತ್ತಿಯಾಗಿತ್ತು. ತಾಯಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಟೇಬಲ್ಲಿನ ಮೇಲಿಟ್ಟಳು.

"ಏನ್ ಅಮೃತಾ," ಹೇಮಂತ ನಗುತ್ತಲೇ ಮಾತಾಡಿದ. "ನವಲಗುಂದಕ್ಕ ಸೀರಿ ತರಾಕ ಹೋಗಿರಂತ? ಯಾವ ಬಣ್ಣದ್ದು?" ಮನೆಯಲ್ಲಿ ಹೇಳಿ ಬಂದ ನೆಪ ಅಷ್ಟರಲ್ಲೇ ಸಂಶಿ ಮುಟ್ಟಿತ್ತು.

"ಒಂದ್ ಮಾತ್ ಹೇಳೂದೈತ್ರಿ," ಎಂದಳು ಅಮೃತಾ. "ಸಂಗನಬಸವಣ್ಣ ನಮ್ಮ ನಿಮ್ಮ ಮನಿಗೆಲ್ಲಾ ಪಾಲಿಸಿ ಮಾಡಸ್ಯಾನಲ್ರಿ, ಆ ಕಂಪನ್ಯಾಗಿನ ಮಾಹಿತಿ ಎಲ್ಲಾ ಕಳುವಾಗೇತಿ. ಯಾರಿಗೆ ಏನು ಬ್ಯಾನಿ ಐತಿ ಅಂತ ಬರಸಿದ್ದು ಸೈತ. ಅದನ್ನ ಹಿಡ್ಕೊಂಡು ಒಬ್ಬಾಂವ ನಮಗ ಫೋನ್ ಮಾಡಿ ಹೆದರಸಾಕತ್ತಾನ್ರಿ. ಅದಕ್ಕ, ಅವ ಹೇಳೂಕಿಂತ ಮೊದಲ..." ತಾಯಿಯ ಮುಖ ಕಂಡು ಮಾತನ್ನು ಅಲ್ಲಿಗೇ ಬಿಟ್ಟಳು.

ಆ ಕಡೆ ನಗು ನಿಂತಿತು. ನೀಲಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಕಣ್ಣು ಮುಚ್ಚಿದಳು. ಮುಗಿಯಿತು, ಎಲ್ಲಾ ಮುಗಿಯಿತು ಅಂದುಕೊಂಡಳು.

"ಅಮೃತಾ," ಹೇಮಂತನ ದನಿ ಗುರುತೇ ಸಿಗದಷ್ಟು ಸಣ್ಣದಾಗಿತ್ತು. "ನನ್ನ ಬಗ್ಗೆ ಅವ ಏನೇನು ಹೇಳಿದಾ?"