ಟ್ರೇಲರಿನ ಕೈಗುಣ

"ಸಿಹಿನೀರಿಗೋ, ಉಪ್ಪುನೀರಿಗೋ?" ಎಂದು ಅಂಗಡಿಯವನು ಮೂರನೇ ಸಲ ಕೇಳಿದಾಗಲೂ ದೋಣಿಯವನು ಬಣ್ಣವಷ್ಟೇ ಬಳಿದ ಕಬ್ಬಿಣದ ಟ್ರೇಲರಿನ ಮೇಲಿಂದ ಕೈ ತೆಗೆಯಲಿಲ್ಲ. ದೋಣಿ ಸಾಗಿಸಲು ಒಂದು ಟ್ರೇಲರ್ ಹುಡುಕಿಕೊಂಡು ಬೆಳಗಿನಿಂದ ಹತ್ತಿದ ನಾಲ್ಕನೇ ಅಂಗಡಿ ಇದು. ಹೆಂಡತಿ ಆಗಲೇ ಸೋತು ಒಂದು ಹಳೇ ಟೈರಿನ ಮೇಲೆ ಕೂತುಬಿಟ್ಟಿದ್ದಳು.

"ಎರಡಕ್ಕೂ ಅಂದ್ನಲ್ಲಪ್ಪ. ವಾರವೆಲ್ಲ ಕೆರೆ, ಭಾನುವಾರ ಕಡಲು. ಹಳೇದೂ ಇಂಥದ್ದೇ, ಹದಿನಾಲ್ಕು ವರ್ಷ ಬಂತು. ಮೊನ್ನೆ ತುಕ್ಕು ಹಿಡಿದು ಆಕ್ಸಲ್ ಮುರೀತು, ಅಷ್ಟೆ."

"ಕಡಲಿಗೆ ಇಳಿಸಿದ್ರೆ ಇದು ಮೂರೇ ವರ್ಷಕ್ಕೆ ತುಕ್ಕು ತಿಂದು ಕೂರುತ್ತೆ ಸಾರ್. ಪಕ್ಕದ್ದು ಗ್ಯಾಲ್ವನೈಸ್ ಮಾಡಿರೋದು, ಉಪ್ಪು ತಡೆಯುತ್ತೆ. ನಿಮ್ಮದು ಹದಿನಾಲ್ಕು ಹೇಗೆ ಬಂತೋ, ದೇವರೇ ಬಲ್ಲ!"

"ಎಲ್ಲಾ ನನ್ನ ಕೈಗುಣ," ಎಂದು ದೋಣಿಯವನು ಆಕಳಿಸುತ್ತಲೇ ನಕ್ಕ.

ಹೆಂಡತಿ ತಲೆ ಎತ್ತದೆ ಹೇಳಿದಳು. "ಕಡಲಿಂದ ಬಂದೋರು ನೀವು ಹಾಗೇ ಬಿದ್ಕೊಳ್ತಿದ್ರಿ. ಉಪ್ಪು ಹೋಗೋ ತನಕ ಟ್ರೇಲರಿನ ಸಂದುಗೊಂದಿಗೆಲ್ಲ ಪೈಪ್ ಹಿಡಿದು ತೊಳೀತಿದ್ದದ್ದು ನಾನು."

ಅವನ ನಗು ಅರ್ಧಕ್ಕೇ ನಿಂತಿತು. "ಮತ್ತೆ ತೊಳೆಯೋದು ಯಾಕೆ ಬಿಟ್ಟೆ?"

"ಎರಡು ವರ್ಷದಿಂದ ಈ ಬಲತೋಳು ಮೇಲೇಳ್ತಿಲ್ಲ."

ಅವನ ಕೈ ತಾನಾಗಿ ಟ್ರೇಲರಿನಿಂದ ಕೆಳಗಿಳಿಯಿತು. "ನನಗೊಂದು ಮಾತು ಹೇಳಬಾರದಿತ್ತಾ?"

ಅವಳು ಎಡಗೈ ಊರಿ ನಿಧಾನವಾಗಿ ಎದ್ದಳು.

"ಮೊನ್ನೆ ಟ್ರೇಲರೇ ಹೇಳಿತಲ್ಲ."